ಪಿಕಪ್ ವಾಹನದಲ್ಲಿ ಚಾರ್ಜಿಂಗ್ ದೋಷ: ಲಕ್ಷಣ ಗುರುತಿಸುವುದರಿಂದ ಆಲ್ಟರ್ನೇಟರ್ ಬದಲಿಸುವವರೆಗೆ

ಮದ್ದೂರಿನಿಂದ ರಾತ್ರಿ ಎಳನೀರು ತುಂಬಿಕೊಂಡು ಬೆಂಗಳೂರಿನ ಕಡೆಗೆ ಹೊರಡುವ, ನಸುಕಿನಲ್ಲಿ ತರಕಾರಿ ಹೊತ್ತು ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಅಂಗಳಕ್ಕೆ ಬರುವ ಪಿಕಪ್ ವಾಹನಗಳ ದುಡಿಮೆಯ ಹೆಚ್ಚಿನ ಭಾಗ ಕತ್ತಲಲ್ಲೇ ನಡೆಯುತ್ತದೆ. ಹೆಡ್‌ಲೈಟ್ ಉರಿಸಿಕೊಂಡೇ ಓಡುವ ಇಂತಹ ವಾಹನಗಳಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಸಣ್ಣ ದೋಷವೂ ಬೇಗ ಎದ್ದು ಕಾಣುತ್ತದೆ. ಹಾಗೆ ಕಂಡಾಗ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಡೈನಮೋ ಹೋಗಿದೆ’ ಎಂಬುದು. ಅಲ್ಲಿ ಡೈನಮೋ ಎನ್ನುವುದು ಆಲ್ಟರ್ನೇಟರನ್ನು, ಅಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ ಉತ್ಪಾದಿಸಿ ಬ್ಯಾಟರಿಯನ್ನು ತುಂಬಿಸುವ ಯಂತ್ರವನ್ನು. ಆದರೆ ಸಡಿಲವಾದ ಬ್ಯಾಟರಿ ಟರ್ಮಿನಲ್, ಸವೆದ ಬೆಲ್ಟ್, ತುಕ್ಕು ಹಿಡಿದ ಅರ್ತ್ ತಂತಿ ಇವು ಮೂರೂ ಕೆಟ್ಟ ಆಲ್ಟರ್ನೇಟರ್ ತೋರಿಸುವ ಲಕ್ಷಣಗಳನ್ನೇ ತೋರಿಸಬಲ್ಲವು. ಅವನ್ನು ನೋಡದೆ ಹೊಸ ಆಲ್ಟರ್ನೇಟರ್ ಕೂರಿಸಿದರೆ ಹಣ ಹೋಗುತ್ತದೆ, ದೋಷ ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಬರಹದಲ್ಲಿ ಆಲ್ಟರ್ನೇಟರನ್ನು ಬಿಚ್ಚುವ ಕೆಲಸ ಕೊನೆಗೆ ಬರುತ್ತದೆ. ಅದಕ್ಕೆ ಮುನ್ನ ಖರ್ಚಿಲ್ಲದ ಪರೀಕ್ಷೆಗಳು ಬರುತ್ತವೆ.

ಇಲ್ಲಿ ಹೇಳಿರುವುದು 12 ವೋಲ್ಟಿನ ಪಿಕಪ್ ವಾಹನಗಳಿಗೆ ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಂತ್ರಣ ನಿಯಮದ ವಾಹನಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಕೆಲವು ಮಾದರಿಗಳ ಆಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡಬೇಕೆಂಬುದನ್ನು ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ (ಇಸಿಯು) ನಿರ್ಧರಿಸುತ್ತದೆ. ಅಲ್ಲಿ ಮೀಟರಿನ ಅಂಕಿ ಒಮ್ಮೆ ಇಳಿದು ಒಮ್ಮೆ ಏರಿದರೆ ಅದನ್ನು ದೋಷವೆಂದು ತೀರ್ಮಾನಿಸದೆ ಸ್ಕ್ಯಾನರ್ ಇರುವ ಕಡೆ ತೋರಿಸುವುದು ಸರಿ.

ಕೈ ಹಾಕುವ ಮುನ್ನ

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ಟಾರ್ಚ್, ಸ್ಯಾಂಡ್‌ಪೇಪರ್ ಮತ್ತು ಹಳೆಯ ಬಟ್ಟೆ ಇದ್ದರೆ ಪರೀಕ್ಷೆಯ ಭಾಗವೆಲ್ಲ ಮುಗಿಯುತ್ತದೆ. ಕೈಯ ಉಂಗುರ, ಕಡಗ ಮತ್ತು ಲೋಹದ ಪಟ್ಟಿಯ ಗಡಿಯಾರವನ್ನು ತೆಗೆದಿಡಬೇಕು. ಬ್ಯಾಟರಿಯ ಪ್ಲಸ್ಸಿಗೂ ವಾಹನದ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲ ಕಿಡಿಗೆ ಸಿಡಿಯುತ್ತದೆ. ಆದ್ದರಿಂದ ಅದರ ಬಳಿ ಬೀಡಿ, ಲೈಟರ್ ಕೂಡದು. ಬ್ಯಾಟರಿಯ ಆಸಿಡ್ ಚರ್ಮಕ್ಕಾಗಲಿ ಕಣ್ಣಿಗಾಗಲಿ ತಾಗಿದರೆ ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆಯಬೇಕು, ಕಣ್ಣಿಗಾದರೆ ತೊಳೆದ ನಂತರ ಆಸ್ಪತ್ರೆಗೆ ಹೋಗಲೇಬೇಕು. ಎಂಜಿನ್ ಓಡುತ್ತಿರುವಾಗ ಟವೆಲ್, ಸಡಿಲ ತೋಳು, ಮೀಟರಿನ ತಂತಿ ಯಾವುದೂ ಬೆಲ್ಟ್ ಮತ್ತು ಫ್ಯಾನಿನ ಹತ್ತಿರ ಸುಳಿಯಬಾರದು.

ಇವೆಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಇನ್ನೊಂದಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ‘ಗಾಡಿ ಆಫ್ ಆಗಲಿಲ್ಲ, ಹಾಗಾದರೆ ಡೈನಮೋ ಚೆನ್ನಾಗಿದೆ’ ಎಂದು ತೀರ್ಮಾನಿಸುವ ಪದ್ಧತಿ ರಸ್ತೆ ಬದಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಈ ಪರೀಕ್ಷೆಯನ್ನು ಯಾರು ಹೇಳಿದರೂ ಮಾಡಬಾರದು, ಮಾಡಲು ಬಿಡಲೂ ಬಾರದು. ಆಲ್ಟರ್ನೇಟರ್ ಉತ್ಪಾದಿಸುತ್ತಿರುವ ವಿದ್ಯುತ್ತನ್ನು ಹೀರಿಕೊಳ್ಳುತ್ತಿದ್ದ ಬ್ಯಾಟರಿ ಏಕಾಏಕಿ ಇಲ್ಲವಾದಾಗ ವೋಲ್ಟೇಜ್ ಕ್ಷಣಕಾಲ ಹಲವು ಪಟ್ಟು ಜಿಗಿಯುತ್ತದೆ. ಆ ಜಿಗಿತಕ್ಕೆ ಆಲ್ಟರ್ನೇಟರಿನ ಎ.ಸಿ. ವಿದ್ಯುತ್ತನ್ನು ಡಿ.ಸಿ.ಗೆ ತಿರುಗಿಸುವ ಡಯೋಡುಗಳು, ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಮತ್ತು ಇಸಿಯು ಸುಟ್ಟುಹೋಗಬಹುದು. ಸಾಲದ್ದಕ್ಕೆ, ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದ ಮೇಲೆ ಓಡುತ್ತಲೇ ಇರಲು ಹೆಚ್ಚಿನ ವಿದ್ಯುತ್ ಬೇಡುವುದಿಲ್ಲವಾದ್ದರಿಂದ, ಅಲ್ಲಿ ಈ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ.

ಲಕ್ಷಣ: ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ, ಹಗಲಿನಲ್ಲಿ ತೊಂದರೆಯಿಲ್ಲ

ಕೀ ತಿರುಗಿಸಿದಾಗ ‘ಟಕ್ ಟಕ್’ ಸದ್ದು ಬಂದು ನಿಲ್ಲುವುದು, ಅಥವಾ ಎಂಜಿನ್ ನಿಧಾನವಾಗಿ ಒಂದೆರಡು ಸುತ್ತು ತಿರುಗಿ ಸುಸ್ತಾಗುವುದು ಬ್ಯಾಟರಿಯಲ್ಲಿ ಶಕ್ತಿ ಇಲ್ಲವೆಂಬುದನ್ನು ಹೇಳುತ್ತದೆಯೇ ಹೊರತು ಏಕೆ ಇಲ್ಲವೆಂಬುದನ್ನು ಹೇಳುವುದಿಲ್ಲ. ಮೊದಲು ಎರಡೂ ಟರ್ಮಿನಲ್‌ಗಳನ್ನು ಕೈಯಿಂದ ಹಿಡಿದು ತಿರುಗಿಸಿ ನೋಡಬೇಕು. ಕೈಗೆ ಅಲುಗಾಡಿದರೆ ಅಲ್ಲೇ ಒಂದು ದೋಷ ಸಿಕ್ಕಿತು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಮೊದಲು ಮೈನಸ್ ನಂತರ ಪ್ಲಸ್ ಬಿಚ್ಚಿ, ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಮೊದಲು ಪ್ಲಸ್ ನಂತರ ಮೈನಸ್ ಬಿಗಿಯಬೇಕು. ಸೋಡಾ ನೀರು ಸೆಲ್ಲುಗಳ ಒಳಗೆ ಹೋಗದಂತೆ ಮುಚ್ಚಳಗಳು ಭದ್ರವಾಗಿರಬೇಕು.

ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಬೇಕು. ಪ್ಲೇಟುಗಳು ಬರಿದಾಗಿದ್ದರೆ ಡಿಸ್ಟಿಲ್ಡ್ ವಾಟರ್ ಅನ್ನೇ ಹಾಕಬೇಕು. ಮಂಡ್ಯದ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರದಲ್ಲೇ ಗೊತ್ತಾಗುತ್ತದೆ. ಆ ಲವಣಗಳು ಬ್ಯಾಟರಿಯ ಒಳಗೆ ಹೋದರೆ ಅದರ ಆಯುಸ್ಸು ಕುಗ್ಗುತ್ತದೆ.

ಇನ್ನು ಮೀಟರ್. ವಾಹನ ರಾತ್ರಿಯಿಡೀ ನಿಂತಿದ್ದು, ಬೆಳಿಗ್ಗೆ ಕೀ ಹಾಕುವ ಮೊದಲು ಬ್ಯಾಟರಿಯ ಎರಡು ಪೋಸ್ಟುಗಳ ನಡುವೆ ಡಿ.ಸಿ. ವೋಲ್ಟ್ ಅಳೆಯಬೇಕು. 12.6 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ, 12.2ರ ಆಸುಪಾಸಿನಲ್ಲಿದ್ದರೆ ಸುಮಾರು ಅರ್ಧ ಖಾಲಿಯಾಗಿದೆ, 11.9ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ನಂತರ ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಅದೇ ಜಾಗದಲ್ಲಿ ಮೀಟರ್ ನೋಡಬೇಕು. ಮೊದಲು 12.6 ತೋರಿಸಿ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಕ್ಕೆ ಕುಸಿದರೆ ಬ್ಯಾಟರಿಯೇ ಸೋತಿರುವ ಸಾಧ್ಯತೆ ಹೆಚ್ಚು. ವೋಲ್ಟ್ ಕುಸಿಯದೆ ನಿಂತಿದ್ದು ಎಂಜಿನ್ ಮಾತ್ರ ತಿರುಗದಿದ್ದರೆ ನೋಡಬೇಕಾದದ್ದು ಸೆಲ್ಫ್ ಮೋಟಾರು ಮತ್ತು ಅದರ ಕೇಬಲ್ಲುಗಳನ್ನು. ಅದಕ್ಕೂ ಚಾರ್ಜಿಂಗಿಗೂ ಸಂಬಂಧವಿಲ್ಲ.

ಸಂಜೆ ತುಂಬಿದ್ದ ಬ್ಯಾಟರಿ ಬೆಳಿಗ್ಗೆಗೆ ಇಳಿದಿದ್ದರೆ ರಾತ್ರಿ ಯಾವುದೋ ದಾರಿಯಲ್ಲಿ ಕರೆಂಟ್ ಸೋರುತ್ತಿದೆ ಎಂದರ್ಥ. ಕೀ ತೆಗೆದು, ಬಾಗಿಲು ಮುಚ್ಚಿ, ಮೈನಸ್ ಕೇಬಲ್ ಬಿಚ್ಚಿ, ಅದಕ್ಕೂ ಮೈನಸ್ ಪೋಸ್ಟಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಬೇಕು. ಕೆಲವು ನಿಮಿಷಗಳ ನಂತರವೂ 50 ಮಿಲಿ ಆಂಪಿಯರಿಗಿಂತ ಹೆಚ್ಚು ತೋರಿಸಿದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಯಾವುದರಲ್ಲಿ ಅಂಕಿ ಇಳಿಯುತ್ತದೆಂದು ಹುಡುಕಬಹುದು. ಮೀಟರ್ ಹೀಗೆ ಸೇರಿರುವಾಗ ಸೆಲ್ಫ್ ಹೊಡೆಯಬಾರದು, ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ನಂತರ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್, ಹಿಂಬದಿಯ ಹೆಚ್ಚುವರಿ ದೀಪಗಳ ಮೇಲೆ ಮೊದಲು ಅನುಮಾನ ಪಡುವುದು ಲೇಸು. ಯಾವ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡೇ ಹಿಮ್ಮುಖವಾಗಿ ಸೋರುತ್ತಿರಬಹುದು. ಅದನ್ನು ಖಚಿತಪಡಿಸಿಕೊಳ್ಳಲು ಮೀಟರ್ ತೆಗೆದು, ಮೈನಸ್ ಬಿಚ್ಚಿಯೇ ಇರುವಾಗ ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿ, ಅದರ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮತ್ತೆ ಅಳೆಯಬೇಕು.

ಲಕ್ಷಣ: ಓಡುವಾಗ ಕೆಂಪು ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ

ಚಲಿಸುತ್ತಿರುವಾಗ ಈ ದೀಪ ಇದ್ದಕ್ಕಿದ್ದಂತೆ ಪೂರ್ತಿ ಹೊತ್ತಿಕೊಂಡರೆ ವಾಹನವನ್ನು ನಿಧಾನಿಸಿ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಬೆಲ್ಟ್ ನೋಡಬೇಕು. ‘ಬ್ಯಾಟರಿಯಲ್ಲಿ ಹೇಗೂ ಚಾರ್ಜ್ ಇದೆ, ಊರು ಸೇರೋಣ’ ಎಂಬ ಲೆಕ್ಕ ಇಲ್ಲಿ ಅಪಾಯಕಾರಿ. ಅನೇಕ ಎಂಜಿನ್ನುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಕೆಲವೇ ಕಿಲೋಮೀಟರುಗಳಲ್ಲಿ ಎಂಜಿನ್ ಕುದಿಯುತ್ತದೆ. ಇನ್ನೂ ಗಂಭೀರವಾದ ಸಂಗತಿಯೆಂದರೆ, ಹಲವು ಡೀಸೆಲ್ ಪಿಕಪ್‌ಗಳಲ್ಲಿ ಪೆಡಲನ್ನು ಹಗುರಾಗಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಕೂಡಿಕೊಂಡಿರುತ್ತದೆ. ಅಂತಹ ವಾಹನದಲ್ಲಿ ಬೆಲ್ಟ್ ಹೋದರೆ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಬಾರಿ ಬ್ರೇಕ್ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ತುಂಬಿದ ಲೋಡಿನೊಂದಿಗೆ ಆ ಸ್ಥಿತಿಯಲ್ಲಿ ಓಡಿಸುವ ಮಾತೇ ಇಲ್ಲ. ಹೆದ್ದಾರಿಯಲ್ಲಿ ನಿಲ್ಲಿಸಿದ್ದರೆ ಹಜಾರ್ಡ್ ದೀಪ ಹಾಕಿ, ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಟ್ಟು, ಟೋ ಮಾಡಿಸುವ ವ್ಯವಸ್ಥೆ ಮಾಡಬೇಕು.

ಬೆಲ್ಟ್ ಸರಿಯಿದೆ, ಎಂಜಿನ್ ಬಿಸಿಯೇರಿಲ್ಲ, ಬ್ರೇಕ್ ಪೆಡಲ್ ಎಂದಿನಂತಿದೆ ಎಂದು ಖಚಿತವಾದ ಮೇಲೆ ಮಾತ್ರ ಮುಂದಿನ ಲೆಕ್ಕ. ಎರಡು ಹೆಡ್‌ಲೈಟುಗಳೇ ಸುಮಾರು 110 ವ್ಯಾಟ್, ಅಂದರೆ 9ರಿಂದ 10 ಆಂಪಿಯರ್ ಎಳೆಯುತ್ತವೆ. ಹಗಲಿನಲ್ಲಿ ದೀಪ, ಬ್ಲೋವರ್, ಹಾಡು ಎಲ್ಲ ನಿಲ್ಲಿಸಿದರೆ, ಚೆನ್ನಾಗಿ ಚಾರ್ಜ್ ಆಗಿರುವ ಬ್ಯಾಟರಿಯ ಬಲದಲ್ಲಿ ಮಂಡ್ಯದಿಂದ ಮೈಸೂರಿಗೆ ಇರುವ ಸುಮಾರು 45 ಕಿಲೋಮೀಟರ್ ಸಾಮಾನ್ಯವಾಗಿ ದಾಟಬಹುದು. ನಡುವೆ ಎಂಜಿನ್ ಆಫ್ ಮಾಡಬಾರದು. ಕತ್ತಲಾದ ಮೇಲೆ ಈ ಸಾಹಸ ಬೇಡ, ಏಕೆಂದರೆ ವೋಲ್ಟ್ ಇಳಿದಂತೆ ಮೊದಲು ಮಂಕಾಗುವುದು ಹೆಡ್‌ಲೈಟು. ಇಂಧನ ಸಿಂಪಡಣೆ ಇಸಿಯುವಿನ ಹಿಡಿತದಲ್ಲಿರುವ ಕಾಮನ್ ರೈಲ್ ಎಂಜಿನ್ನಾದರೆ ವೋಲ್ಟ್ ಒಂದು ಮಟ್ಟಕ್ಕಿಂತ ಇಳಿದಾಗ ನಡುರಸ್ತೆಯಲ್ಲೇ ನಿಂತುಬಿಡುತ್ತದೆ.

ಈ ದೀಪ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅರ್ಧ ಪತ್ತೆ ಕೆಲಸ ಸುಲಭವಾಗುತ್ತದೆ. ಬಲ್ಬಿನ ಒಂದು ತುದಿಗೆ ಕೀ ಮೂಲಕ ಬ್ಯಾಟರಿಯ ವೋಲ್ಟ್ ಬರುತ್ತದೆ, ಇನ್ನೊಂದು ತುದಿ ಆಲ್ಟರ್ನೇಟರಿನ ಸಣ್ಣ ಟರ್ಮಿನಲ್ಲಿಗೆ ಹೋಗುತ್ತದೆ. ಅದರ ಮೇಲೆ ‘ಎಲ್’ ಅಥವಾ ‘ಡಿ ಪ್ಲಸ್’ ಎಂಬ ಗುರುತಿರುತ್ತದೆ. ಒಂದೇ ಮಟ್ಟದಲ್ಲಿ ನೀರು ನಿಂತ ಎರಡು ಗದ್ದೆಗಳ ನಡುವಿನ ತೂಬಿನಲ್ಲಿ ನೀರು ಹರಿಯದಿರುವಂತೆ, ಎರಡೂ ತುದಿಗಳ ವೋಲ್ಟ್ ಸಮವಾದಾಗ ಬಲ್ಬಿನಲ್ಲಿ ಕರೆಂಟ್ ಹರಿಯದೆ ದೀಪ ಆರುತ್ತದೆ. ಆದ್ದರಿಂದ ಪೂರ್ತಿ ಉರಿಯುವ ದೀಪ ಆಲ್ಟರ್ನೇಟರಿನಿಂದ ಏನೂ ಬರುತ್ತಿಲ್ಲವೆಂದು ಹೇಳಿದರೆ, ಮಿಣುಕು ಮಿಣುಕಾಗಿ ಉರಿಯುವ ದೀಪ ಬರುತ್ತಿದೆ ಆದರೆ ಸಾಲದು ಎಂದು ಹೇಳುತ್ತದೆ. ಮಿಣುಕುವ ದೀಪ ಕಂಡರೆ ಡಯೋಡ್ ದೋಷವನ್ನೋ ತಂತಿಯ ಜೋಡಣೆಯಲ್ಲಿನ ತಡೆಯನ್ನೋ ಹುಡುಕಬೇಕು.

ಲಕ್ಷಣ: ಕೀ ಆನ್ ಮಾಡಿದಾಗಲೂ ಆ ದೀಪ ಬರುವುದೇ ಇಲ್ಲ

ದೀಪ ಬರದಿರುವುದನ್ನು ಬಹಳ ಜನ ಗಮನಿಸುವುದೇ ಇಲ್ಲ, ಗಮನಿಸಿದವರೂ ಅದನ್ನು ಒಳ್ಳೆಯ ಸೂಚನೆ ಎಂದುಕೊಳ್ಳುತ್ತಾರೆ. ಬಲ್ಬ್ ಬಳಸುವ ವ್ಯವಸ್ಥೆಯಲ್ಲಿ ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರಿಗೆ ಮೊದಲ ಕಾಂತಶಕ್ತಿ ಸಿಗುವುದು ಈ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟಿನಿಂದ. ಬಲ್ಬ್ ಸುಟ್ಟಿದ್ದರೆ ಅಥವಾ ತಂತಿ ಕಡಿದಿದ್ದರೆ ಆಲ್ಟರ್ನೇಟರ್ ಚೆನ್ನಾಗಿದ್ದೂ ಚಾರ್ಜ್ ತಾನಾಗಿ ಆರಂಭವಾಗುವುದಿಲ್ಲ. ಒಮ್ಮೆ ಜೋರಾಗಿ ರೇಸ್ ಕೊಟ್ಟ ಮೇಲೆ ಮಾತ್ರ ಚಾರ್ಜ್ ಶುರುವಾಗುವುದು ಇದೇ ದೋಷದ ಗುರುತು.

ಪರೀಕ್ಷೆ ಸರಳ. ಎಂಜಿನ್ ನಿಂತಿರುವಾಗ ಆ ಸಣ್ಣ ತಂತಿಯನ್ನು ಆಲ್ಟರ್ನೇಟರಿನಿಂದ ಕಳಚಿ, ಕೀ ಆನ್ ಮಾಡಿ, ತಂತಿಯ ತುದಿಯನ್ನು ಎಂಜಿನ್ ಬ್ಲಾಕಿಗೆ ಕ್ಷಣಕಾಲ ತಾಗಿಸಬೇಕು. ದೀಪ ಬಂದರೆ ಬಲ್ಬ್ ಮತ್ತು ತಂತಿ ಸರಿಯಿವೆ, ದೋಷ ಆಲ್ಟರ್ನೇಟರಿನ ಒಳಗಿದೆ. ಬಹುಶಃ ರೋಟರಿಗೆ ಕರೆಂಟ್ ಒಯ್ಯುವ ಕಾರ್ಬನ್ ಬ್ರಷ್ ಸವೆದು ರೋಟರಿನ ಮೇಲಿನ ಸ್ಲಿಪ್ ರಿಂಗನ್ನು ಮುಟ್ಟುತ್ತಿಲ್ಲ. ದೀಪ ಬರದಿದ್ದರೆ ಫ್ಯೂಸ್, ಬಲ್ಬ್ ಮತ್ತು ತಂತಿಯನ್ನು ಹುಡುಕಬೇಕು. ಪ್ಲಗ್ಗಿನಲ್ಲಿ ಹಲವು ತಂತಿಗಳಿದ್ದು ಅವು ಇಸಿಯುಗೆ ಹೋಗುವ ವಾಹನದಲ್ಲಿ ಹೀಗೆ ತಾಗಿಸಿ ನೋಡಬಾರದು. ದಪ್ಪ ತಂತಿಯನ್ನಂತೂ ಯಾವ ವಾಹನದಲ್ಲೂ ಬಾಡಿಗೆ ತಾಗಿಸಕೂಡದು. ಅದಕ್ಕೆ ಸದಾ ಬ್ಯಾಟರಿಯ ಸಂಪರ್ಕವಿರುತ್ತದೆ.

ಲಕ್ಷಣ: ನಿಂತಾಗ ಹೆಡ್‌ಲೈಟ್ ಮಂಕು, ರೇಸ್ ಕೊಟ್ಟರೆ ಪ್ರಕಾಶ

ಬೆಲ್ಟಿನಿಂದ ‘ಕಿರ್’ ಎಂಬ ಸದ್ದು, ವಿಶೇಷವಾಗಿ ಬೆಳಗಿನ ತಂಪಿನಲ್ಲಿ ಅಥವಾ ನಾಲೆಯ ಏರಿಯ ಕೆಸರು ನೀರು ಸಿಡಿದ ನಂತರ ಬರುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಎಂಜಿನ್ ನಿಲ್ಲಿಸಿ, ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ವಿ-ಬೆಲ್ಟ್ ಸುಮಾರು 10 ಮಿಲಿಮೀಟರ್ ಬಾಗಬೇಕು; ಖಚಿತ ಅಳತೆ ವಾಹನದ ಕೈಪಿಡಿಯಲ್ಲಿರುತ್ತದೆ. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಿಸಬೇಕು. ಜಾರುವ ಬೆಲ್ಟಿಗೆ ಸೋಪು, ಮೇಣ ಸವರುವುದು ಸದ್ದನ್ನು ಅಡಗಿಸುತ್ತದೆ, ದೋಷವನ್ನಲ್ಲ.

ಬೆಲ್ಟ್ ಸರಿಯಿದ್ದರೆ ಮುಖ್ಯ ಅಳತೆಯ ಸಮಯ ಬಂದಿದೆ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸಿನಲ್ಲಿಟ್ಟು ಬ್ಯಾಟರಿಯ ಪೋಸ್ಟುಗಳಲ್ಲೇ ಅಳೆದರೆ 13.8ರಿಂದ 14.5 ವೋಲ್ಟ್ ಕಾಣಬೇಕು. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದಾಗ ಸ್ವಲ್ಪ ಇಳಿದರೂ 13ರ ಮೇಲೆ ನಿಲ್ಲಬೇಕು. ಎಂಜಿನ್ ನಿಂತಿದ್ದಾಗಿನ 12.4 ಓಡುವಾಗಲೂ 12.4 ಆಗಿಯೇ ಇದ್ದು, ನಿಧಾನವಾಗಿ ಇಳಿಯುತ್ತ ಹೋದರೆ ಬ್ಯಾಟರಿಗೆ ಏನೂ ತಲುಪುತ್ತಿಲ್ಲ.

ಹಾಗೆಂದ ಮಾತ್ರಕ್ಕೆ ಆಲ್ಟರ್ನೇಟರ್ ಸತ್ತಿದೆ ಎಂದಲ್ಲ. ಅದು ಉತ್ಪಾದಿಸಿದ್ದು ದಾರಿಯಲ್ಲಿ ಕಳೆದುಹೋಗುತ್ತಿರಬಹುದು, ಮತ್ತು ಇದೇ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ. ಹೆಡ್‌ಲೈಟ್ ಉರಿಯುತ್ತಿದ್ದು ಎಂಜಿನ್ ನಿಮಿಷಕ್ಕೆ ಸುಮಾರು 1,500 ಸುತ್ತಿನಲ್ಲಿರುವಾಗ ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ಟರ್ಮಿನಲ್ಲಿಗೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಪೋಸ್ಟಿಗೂ ಇಟ್ಟರೆ, ಆ ದಾರಿಯಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂಬುದು ನೇರವಾಗಿ ತಿಳಿಯುತ್ತದೆ. 0.3 ವೋಲ್ಟಿಗಿಂತ ಹೆಚ್ಚಿದ್ದರೆ ಆ ತಂತಿ, ಅದರ ತುದಿಯ ಲೋಹದ ಬಳೆ (ಲಗ್) ಅಥವಾ ನಡುವಿನ ದೊಡ್ಡ ಫ್ಯೂಸಿನಲ್ಲಿ ತಡೆಯಿದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ದಾರಿ ಪೂರ್ತಿ ಕಡಿದಿರಬಹುದು ಅಥವಾ ದೊಡ್ಡ ಫ್ಯೂಸ್ ಹೋಗಿರಬಹುದು. ಅನಂತರ ಆಲ್ಟರ್ನೇಟರಿನ ಲೋಹದ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದು ನೋಡಬೇಕು, ಇಲ್ಲಿ 0.2ಕ್ಕಿಂತ ಹೆಚ್ಚಿದ್ದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗುವಂತೆ ಉಜ್ಜಿ ಬಿಗಿಯಬೇಕು. ಗದ್ದೆ ಬಯಲಿನ ಕೆಸರಿನಲ್ಲಿ ಓಡಾಡುವ ವಾಹನದಲ್ಲಿ ಈ ಪಟ್ಟಿ ಹೊರಗೆ ಚೆನ್ನಾಗಿ ಕಂಡರೂ ಬೋಲ್ಟಿನ ಅಡಿಯಲ್ಲಿ ಕೊಳೆತಿರುವುದುಂಟು.

ಕೊನೆಗೆ, ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಅಳೆದರೆ 0.5ಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಡಯೋಡ್ ಹೋಗಿರುವ ಅನುಮಾನ ಬಲವಾಗುತ್ತದೆ. ರೇಡಿಯೊದಲ್ಲಿ ರೇಸಿನೊಂದಿಗೆ ಏರಿಳಿಯುವ ಗುಂಯ್ ಸದ್ದೂ ಇದಕ್ಕೆ ಪೂರಕ ಸಾಕ್ಷ್ಯ.

ಇನ್ನೊಂದು ಸಾಧ್ಯತೆಯನ್ನೂ ಮರೆಯಬಾರದು. ಗಣೇಶನ ಮೆರವಣಿಗೆಗೋ ದಸರಾ ಸಮಯದ ಅಲಂಕಾರಕ್ಕೋ ಸೀರಿಯಲ್ ದೀಪ, ಆಂಪ್ಲಿಫೈಯರ್ ಕಟ್ಟಿದ ವಾಹನ ಗಂಟೆಗಟ್ಟಲೆ ಐಡಲಿನಲ್ಲಿ ನಿಂತಿದ್ದರೆ ಬ್ಯಾಟರಿ ಇಳಿಯುವುದು ಸಹಜ. 300 ವ್ಯಾಟಿನ ಆಂಪ್ಲಿಫೈಯರ್ ಒಂದೇ 25 ಆಂಪಿಯರ್ ಬೇಡುತ್ತದೆ, ಐಡಲಿನಲ್ಲಿ ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯ ಕೊಡುವುದಿಲ್ಲ. ಅಲ್ಲಿ ಬೇಕಾದದ್ದು ರಿಪೇರಿಯಲ್ಲ, ಪ್ರತ್ಯೇಕ ಜನರೇಟರ್.

ಲಕ್ಷಣ: ಬಲ್ಬುಗಳು ಪದೇಪದೇ ಸುಡುತ್ತವೆ, ಬ್ಯಾಟರಿ ನೀರು ಬೇಗ ಒಣಗುತ್ತದೆ

ಇದು ಚಾರ್ಜ್ ಅತಿಯಾಗಿರುವ ಲಕ್ಷಣ. ಓಡುವಾಗ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಲಸ ಬಿಟ್ಟಿದೆ ಅಥವಾ ಅದರ ಅರ್ತ್ ಸರಿಯಿಲ್ಲ. ಬ್ಯಾಟರಿಯ ಹತ್ತಿರ ಕೊಳೆತ ಮೊಟ್ಟೆಯ ವಾಸನೆ, ಮೈ ಮುಟ್ಟಲಾಗದಷ್ಟು ಬಿಸಿ, ಪಕ್ಕಗಳು ಉಬ್ಬಿರುವುದು ಕಂಡರೆ ಎಂಜಿನ್ ಆಫ್ ಮಾಡಿ, ದೂರ ಸರಿದು, ಪೂರ್ತಿ ತಣಿಯುವವರೆಗೆ ಟರ್ಮಿನಲ್ ಮುಟ್ಟದೆ ಬಿಡಬೇಕು. ಇಲ್ಲಿಂದ ಮುಂದೆ ಆಟೋ ಎಲೆಕ್ಟ್ರಿಷಿಯನ್‌ನ ಕೆಲಸ.

ಲಕ್ಷಣ: ಆಲ್ಟರ್ನೇಟರಿನಿಂದ ಸದ್ದು, ಸುಟ್ಟ ವಾಸನೆ ಅಥವಾ ಎಣ್ಣೆ

ಬೇರಿಂಗ್ ಸವೆದರೆ ರೇಸಿನೊಂದಿಗೆ ಏರುವ ಗರಗರ ಸದ್ದು ಬರುತ್ತದೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬೆಲ್ಟ್ ಇಳಿಸಿ ಪುಲ್ಲಿಯನ್ನು ಕೈಯಿಂದ ತಿರುಗಿಸಿದಾಗ ಒರಟಾಗಿ ಹಿಡಿದರೆ ಅಥವಾ ಮೇಲೆ ಕೆಳಗೆ ಆಡಿದರೆ ಅನುಮಾನ ಖಚಿತ. ಬೆಲ್ಟನ್ನು ಅತಿಯಾಗಿ ಬಿಗಿ ಮಾಡುವುದು ಈ ಬೇರಿಂಗ್ ಹಾಳಾಗಲು ಸಾಮಾನ್ಯ ಕಾರಣ.

ವ್ಯಾಕ್ಯೂಮ್ ಪಂಪ್ ಜೊತೆಗಿರುವ ಆಲ್ಟರ್ನೇಟರಿನಲ್ಲಿ ಎಣ್ಣೆಯ ಕಥೆ ಬೇರೆಯೇ. ಆ ಪಂಪಿಗೆ ಎಂಜಿನ್ ಆಯಿಲ್ ಪೈಪಿನ ಮೂಲಕ ಬರುತ್ತದೆ. ನಡುವಿನ ಸೀಲ್ ಹಳತಾದಾಗ ಆಯಿಲ್ ಆಲ್ಟರ್ನೇಟರಿನ ಒಳಗೆ ಜಿನುಗಿ, ಬ್ರಷ್ಷಿನ ಕಾರ್ಬನ್ ಪುಡಿಯೊಂದಿಗೆ ಸೇರಿ ಕಪ್ಪು ಅಂಟಾಗುತ್ತದೆ. ಬ್ರಷ್ ಅಲ್ಲೇ ಸಿಕ್ಕಿಕೊಂಡು ಚಾರ್ಜ್ ನಿಲ್ಲುತ್ತದೆ. ಇಂತಹ ಸಂದರ್ಭದಲ್ಲಿ ಬ್ರಷ್ ಮಾತ್ರ ಬದಲಿಸಿದರೆ ಹೊಸ ಬ್ರಷ್ಷಿಗೂ ಅದೇ ಗತಿ. ಬ್ರೇಕ್ ಪೆಡಲ್ ಇತ್ತೀಚೆಗೆ ಗಟ್ಟಿಯಾಗಿದೆ, ಆಲ್ಟರ್ನೇಟರಿನ ಹಿಂಭಾಗ ಎಣ್ಣೆಯಿಂದ ತೊಯ್ದಿದೆ, ಎಂಜಿನ್ ಆಯಿಲ್ ಇಳಿಯುತ್ತಿದೆ ಎಂಬ ಮೂರು ಮಾತು ಒಟ್ಟಿಗೆ ಬಂದರೆ ಚಾರ್ಜಿಂಗಿಗಿಂತ ಮೊದಲು ಬ್ರೇಕಿನ ಬಗ್ಗೆ ಯೋಚಿಸಬೇಕು, ವಾಹನವನ್ನು ಲೋಡಿಗೆ ಹಾಕಬಾರದು.

ರಿಪೇರಿಯೋ, ಬದಲಾವಣೆಯೋ

ಬ್ರಷ್, ರೆಗ್ಯುಲೇಟರ್, ಬೇರಿಂಗ್ ಇವು ಬಿಡಿಯಾಗಿ ಸಿಗುತ್ತವೆ. ಸೆಲ್ಫ್ ಮತ್ತು ಡೈನಮೋ ಕೆಲಸವನ್ನೇ ಮಾಡುವ ಅಂಗಡಿಗಳಲ್ಲಿ ಹೊಸ ಆಲ್ಟರ್ನೇಟರಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಇವನ್ನು ಹಾಕಿಸಬಹುದು. ಸ್ಲಿಪ್ ರಿಂಗಿನಲ್ಲಿ ಆಳವಾದ ಗೀರು, ಸುಟ್ಟ ತಂತಿ ಸುರುಳಿ, ಬೋಲ್ಟ್ ಕೂರುವ ಕಿವಿ ಒಡೆದದ್ದು ಕಂಡರೆ ಪೂರ್ತಿ ಬದಲಿಸುವುದೇ ಲೇಸು ಎಂಬುದು ಈ ಲೇಖಕನ ಅಭಿಪ್ರಾಯ. ರಿವೈಂಡ್ ಮಾಡಿಸಿದ್ದು, ಅಂದರೆ ತಂತಿ ಸುರುಳಿಯನ್ನು ಹೊಸದಾಗಿ ಸುತ್ತಿಸಿದ್ದು, ಎಷ್ಟು ಕಾಲ ಬಾಳುತ್ತದೆಂಬುದು ಮಾಡಿದ ಕೈಯನ್ನು ಅವಲಂಬಿಸಿರುತ್ತದೆ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಆಂಪಿಯರ್, ಪುಲ್ಲಿಯ ಅಗಲ ಮತ್ತು ತೋಡುಗಳ (ಗ್ರೂವ್) ಸಂಖ್ಯೆ, ಕಿವಿಗಳ ಸ್ಥಾನ, ಪ್ಲಗ್ಗಿನ ಆಕಾರ, ಪಂಪಿನ ಪೈಪುಗಳ ದಿಕ್ಕು ಎಲ್ಲವನ್ನೂ ಹೋಲಿಸಬೇಕು, ಪಾರ್ಟ್ ನಂಬರ್ ಇರುವ ಬಿಲ್ ಕೇಳಿ ಪಡೆಯಬೇಕು.

ಬದಲಿಸುವ ಕೆಲಸ

ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣಿದ ಮೇಲೆ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಡಬೇಕು. ಬೆಲ್ಟಿನ ದಾರಿ ಮತ್ತು ತಂತಿಗಳ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ಗೊಂದಲವಿರುವುದಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ ಪಕ್ಕಕ್ಕೆ ಕಟ್ಟಿಡಬೇಕು. ಎರಡನೇ ಬ್ಯಾಟರಿ ಜೋಡಿಸಿದ್ದರೆ ಅದರದ್ದೂ ಸೇರಿ. ಮೈನಸ್ ಬಿಚ್ಚದೆ ದಪ್ಪ ತಂತಿಯ ನಟ್ಟಿಗೆ ಸ್ಪ್ಯಾನರ್ ಹಾಕಿದರೆ, ಸ್ಪ್ಯಾನರ್ ಎಂಜಿನ್ನಿಗೆ ತಾಗಿದ ಕ್ಷಣ ದೊಡ್ಡ ಕಿಡಿ ಹಾರುತ್ತದೆ.

ದಪ್ಪ ತಂತಿಯ ರಬ್ಬರ್ ಮುಚ್ಚಳ ಸರಿಸಿ ನಟ್ ತೆಗೆಯಬೇಕು, ಪ್ಲಗ್ಗನ್ನು ಅದರ ಲಾಕ್ ಒತ್ತಿ ಎಳೆಯಬೇಕು, ತಂತಿ ಹಿಡಿದು ಎಳೆಯಬಾರದು. ವ್ಯಾಕ್ಯೂಮ್ ಪಂಪ್ ಇದ್ದರೆ ಬೂಸ್ಟರಿಗೆ ಹೋಗುವ ಹೋಸ್, ಆಯಿಲ್ ಬರುವ ಪೈಪ್ ಮತ್ತು ಮರಳುವ ಹೋಸನ್ನು ಬಿಡಿಸಿ, ಕೆಳಗೆ ಬಟ್ಟಲು ಇಟ್ಟು, ಧೂಳು ಹೋಗದಂತೆ ತುದಿಗಳನ್ನು ಶುದ್ಧ ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು. ಅನಂತರ ಅಡ್ಜಸ್ಟ್ ಬೋಲ್ಟ್ ಮತ್ತು ಕೀಲಿನ ಬೋಲ್ಟ್ ಸಡಿಲಿಸಿ, ಆಲ್ಟರ್ನೇಟರನ್ನು ಎಂಜಿನ್ ಕಡೆ ತಳ್ಳಿದರೆ ಬೆಲ್ಟ್ ಕಳಚುತ್ತದೆ. ಆಟೋಮ್ಯಾಟಿಕ್ ಟೆನ್ಷನರ್ ಇರುವ ಎಂಜಿನ್ನಿನಲ್ಲಿ ಅದನ್ನು ಉದ್ದದ ಸ್ಪ್ಯಾನರಿನಿಂದ ತಿರುಗಿಸಿ ಹಿಡಿಯಬೇಕಾಗುತ್ತದೆ. ಅದರ ಸ್ಪ್ರಿಂಗ್ ಬಲವಾದದ್ದು, ಸ್ಪ್ಯಾನರ್ ಜಾರಿದರೆ ಬೆರಳು ಜಜ್ಜುತ್ತದೆ. ಕೊನೆಯ ಬೋಲ್ಟ್ ತೆಗೆಯುವಾಗ ಒಂದು ಕೈ ಆಲ್ಟರ್ನೇಟರಿನ ಅಡಿಯಲ್ಲಿರಬೇಕು.

ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಪೈಪು ಸಿಕ್ಕಿಸಿ ಬಲವಂತ ಮಾಡಿದರೆ ಬೋಲ್ಟ್ ಬ್ಲಾಕಿನೊಳಗೇ ಮುರಿಯಬಹುದು. ಬೋಲ್ಟಿನ ತಲೆ ಉರುಟಾಗತೊಡಗಿದರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯುವುದು ಅಗ್ಗ.

ಹೊಸದನ್ನು ಕೂರಿಸುವಾಗ ಮೊದಲು ಬೋಲ್ಟುಗಳನ್ನೆಲ್ಲ ಕೈಯಲ್ಲೇ ತಿರುಗಿಸಿ ಹಿಡಿಸಿ, ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ನೋಡಬೇಕು. ಪಂಪಿನ ಆಯಿಲ್ ರಂಧ್ರಕ್ಕೆ ಸ್ವಲ್ಪ ಶುದ್ಧ ಎಂಜಿನ್ ಆಯಿಲ್ ಬಿಟ್ಟು ಪುಲ್ಲಿಯನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿದರೆ ಪಂಪ್ ಮೊದಲ ಕ್ಷಣಗಳಲ್ಲಿ ಒಣಗಿ ಓಡುವುದಿಲ್ಲ. ಆಯಿಲ್ ಪೈಪಿನ ತಾಮ್ರದ ವಾಷರುಗಳನ್ನು ಹೊಸದಾಗಿಯೇ ಹಾಕಬೇಕು. ಬೆಲ್ಟ್ ಬಿಗಿ ಮಾಡಲು ಸಬ್ಬಲಿನಿಂದ ಮೀಟುವುದಾದರೆ ಮುಂಭಾಗದ ಗಟ್ಟಿ ಭಾಗಕ್ಕೆ ಆನಿಸಬೇಕೇ ಹೊರತು ಹಿಂಭಾಗದ ತೆಳು ಅಲ್ಯೂಮಿನಿಯಂ ಮುಚ್ಚಳಕ್ಕಾಗಲಿ ಪಂಪಿಗಾಗಲಿ ಆನಿಸಬಾರದು. ಎಲ್ಲ ಬಿಗಿಯಾದ ಮೇಲೆ ಮೈನಸ್ ಕೊನೆಗೆ. ಬ್ಯಾಟರಿ ಬರಿದಾಗಿದ್ದರೆ ಮೊದಲು ಚಾರ್ಜರಿನಲ್ಲಿ ತುಂಬಿಸಿಕೊಂಡು ಬರಬೇಕು. ಸತ್ತ ಬ್ಯಾಟರಿಯನ್ನು ತುಂಬುವ ಹೊರೆ ಹೊಸ ಆಲ್ಟರ್ನೇಟರಿನ ಮೇಲೆ ಬಿದ್ದರೆ ಅದು ಅತಿಯಾಗಿ ಕಾಯುತ್ತದೆ.

ಸ್ಟಾರ್ಟ್ ಮಾಡುವ ಮುನ್ನ, ನಂತರ

ಎಂಜಿನ್ ಆಯಿಲ್ ಮಟ್ಟ ನೋಡಿ, ಕೀ ಆನ್ ಮಾಡಿದಾಗ ಕೆಂಪು ದೀಪ ಬರುವುದನ್ನೂ, ಸ್ಟಾರ್ಟ್ ಆದ ಮೇಲೆ ಆರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್, ಪೈಪುಗಳ ಜೋಡಣೆಯಲ್ಲಿ ಒಂದು ಹನಿಯೂ ಎಣ್ಣೆ ಜಿನುಗದಿರುವುದು, ಬೆಲ್ಟ್ ಪುಲ್ಲಿಯ ನಡುವೆಯೇ ಓಡುವುದು ಇವು ಮೂರನ್ನೂ ನೋಡಬೇಕು.

ವ್ಯಾಕ್ಯೂಮ್ ಪಂಪ್ ಮುಟ್ಟಿದ್ದರೆ ಬ್ರೇಕ್ ಪರೀಕ್ಷೆ ಕಡ್ಡಾಯ. ಎಂಜಿನ್ ಆಫ್ ಮಾಡಿ ಪೆಡಲನ್ನು ಗಟ್ಟಿಯಾಗುವವರೆಗೆ ಪದೇಪದೇ ಒತ್ತಬೇಕು, ಹಾಗೆಯೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. ಕೆಲವು ಕ್ಷಣಗಳಲ್ಲಿ ಪೆಡಲ್ ಕಾಲಿನಡಿ ಸ್ವಲ್ಪ ಕೆಳಗಿಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುತ್ತಿದೆ. ಇಳಿಯದಿದ್ದರೆ ಹೋಸಿನ ಜೋಡಣೆ ಮತ್ತು ಅದರಲ್ಲಿನ ಒಮ್ಮುಖ ವಾಲ್ವ್ ತಲೆಕೆಳಗಾಗಿದೆಯೇ ಎಂದು ನೋಡಬೇಕು. ಆಗಲೂ ಸರಿಯಾಗದಿದ್ದರೆ ವಾಹನವನ್ನು ಅಂಗಳದಿಂದ ಹೊರಗೆ ತೆಗೆಯದೆ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಬೇಕು. ಪೆಡಲ್ ಸರಿಯಿದ್ದರೆ ಖಾಲಿ ವಾಹನವನ್ನು ಜನರಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದು ನೋಡಿದ ಮೇಲೆಯೇ ಲೋಡ್ ಹಾಕಬೇಕು. ಹೊಸ ಬೆಲ್ಟ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸ್ವಲ್ಪ ಹಿಗ್ಗುತ್ತದೆ. ಅಷ್ಟರಲ್ಲಿ ಒಮ್ಮೆ ಅದರ ಬಿಗಿಯನ್ನೂ ದಪ್ಪ ತಂತಿಯ ನಟ್ಟನ್ನೂ, ಎರಡನೆಯದನ್ನು ಬ್ಯಾಟರಿಯ ಮೈನಸ್ ಬಿಚ್ಚಿ, ಮತ್ತೆ ನೋಡಬೇಕು.